ಕುಬೇರಪ್ಪನವರು ಹದಿನಾಲ್ಕು ಮನೆಯ ನೀರು ಕುಡಿದದ್ದು

ದಾವಣಗೆರೆಯ ಶಿವಕೃಪಾ ಬಡಾವಣೆಯಲ್ಲಿ ಕುಬೇರಪ್ಪನವರನ್ನು ಅರಿಯದವರಿಲ್ಲ. ಊರಿಗೆ ನೀರು ಬಿಡುವ ಕಚೇರಿಯಲ್ಲಿ ಅವರು ಇಪ್ಪತ್ತೆಂಟು ವರ್ಷದಿಂದ ಗುಮಾಸ್ತರು. ನೀರು ಬಿಡುವವರು ಅವರಲ್ಲ. ನೀರು ಬಂದಿಲ್ಲವೆಂದು ಬರುವ ಅರ್ಜಿಗಳಿಗೆ ಉತ್ತರ ಬರೆಯುವುದಷ್ಟೇ ಅವರ ಕೆಲಸ. ಬಡಾವಣೆಯ ಜನ ಈ ಸೂಕ್ಷ್ಮವನ್ನು ಎಂದೂ ಒಪ್ಪಿದವರಲ್ಲ. ನೀರು ಬಂದ ದಿನ ಅವರಿಗೆ ನಮಸ್ಕಾರ, ಬಾರದ ದಿನ ಮುಖ ತಿರುವು. ಕುಬೇರಪ್ಪನವರೂ ಆ ನಮಸ್ಕಾರಗಳನ್ನು ಬೇಡವೆಂದವರಲ್ಲ. ಎಂಟು ದಿನಕ್ಕೊಮ್ಮೆ ನಲ್ಲಿ ಸೊಂಯ್ ಎಂದಾಗ ಬಾಗಿಲಿಗೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಹೊಳೆಯನ್ನು ತಾವೇ ಹೆಗಲ ಮೇಲೆ ಹೊತ್ತು ತಂದವರಂತೆ ನಿಲ್ಲುತ್ತಿದ್ದರು.

"ಹರಿಹರದ ಹೊಳೆ ನೀರ್ರೀ ಇದು. ಇದನ್ನ ಬಿಟ್ಟು ಫಿಲ್ಟರ್ ನೀರು ಕುಡಿಯೋರಿಗೆ ತಲೆ ಐತೇನ್ರಿ? ನಮ್ಮನ್ಯಾಗೆ ನಾವು ಕುಡಿಯಾದು ಇದನ್ನೇ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಅದು ನಿಜವೂ ಆಗಿತ್ತು. ಅವರ ಹೆಂಡತಿ ಮರುಳಸಿದ್ದಮ್ಮ ನಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕೊಡದಲ್ಲಿಡುತ್ತಿದ್ದರು, ಮನೆಮಂದಿ ಕುಡಿಯುತ್ತಿದ್ದರು, ಯಾರಿಗೂ ಏನೂ ಆಗಿರಲಿಲ್ಲ.

ಆ ವರ್ಷ ಕಚೇರಿಯಲ್ಲಿ ಎರಡು ಮೇಲ್ವಿಚಾರಕರ ಕುರ್ಚಿಗಳು ಖಾಲಿಯಾದವು. ಒಂದು ದಾವಣಗೆರೆಯ ಕಚೇರಿಯಲ್ಲೇ. ಅದಕ್ಕೆ ಗಾಲಿಯಿತ್ತು, ಪಕ್ಕದಲ್ಲಿ ಕಿಟಕಿಯಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಕುಬೇರಪ್ಪನವರ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಮಧ್ಯಾಹ್ನ ಮನೆಗೆ ಹೋಗಿ ಬಿಸಿ ರೊಟ್ಟಿ ತಿಂದು, ಅರ್ಧ ಗಂಟೆ ಕಣ್ಣು ಮುಚ್ಚಿ ಕಚೇರಿಯ ಬಗ್ಗೆ ಚಿಂತನೆ ನಡೆಸಿ ಬರಬಹುದಿತ್ತು. ಇನ್ನೊಂದು ಕುರ್ಚಿ ಹರಿಹರದಾಚೆ ಹೊಳೆದಂಡೆಯ ಪಂಪ್‌ಹೌಸಿನಲ್ಲಿ. ಹೋಗಲು ಎರಡು ಬಸ್ಸು, ಹೋದ ಮೇಲೆ ಮೋಟಾರುಗಳ ಗುಡುಗು. ಅಲ್ಲಿ ಚಿಂತನೆಯ ಮಾತೇ ಇಲ್ಲ. ಕುಬೇರಪ್ಪನವರಿಗೆ ಬಡ್ತಿ ಖಚಿತವಾಗಿತ್ತು. ಯಾವ ಕುರ್ಚಿ ಎಂಬುದು ಮಾತ್ರ ಎಂಜಿನಿಯರ್ ಚೌಡೇಶ್ವರಿ ಮೇಡಂ ಅವರ ಪೆನ್ನಿನ ತುದಿಯಲ್ಲಿತ್ತು.

ಚೌಡೇಶ್ವರಿ ಮೇಡಂ ಮೈಸೂರಿನ ಕಡೆಯವರು. ಬಂದು ಆರು ತಿಂಗಳಾಗಿತ್ತು. ಬಂದವರೇ "ನಲ್ಲಿ ನೀರೇ ನಮ್ಮ ನೀರು" ಎಂಬ ಅಭಿಯಾನ ಶುರುಮಾಡಿ, ಕೈಯಲ್ಲಿ ಗಾಜಿನ ಲೋಟ ಹಿಡಿದು ನಗುತ್ತಿರುವ ತಮ್ಮ ಫೋಟೋವನ್ನು ಊರಿನ ಎಲ್ಲ ಸರ್ಕಲ್ಲುಗಳಲ್ಲಿ ಕಟ್ಟಿಸಿದ್ದರು. ಹದಿನೈದು ದಿನದ ತರಬೇತಿಗೆಂದು ಮೈಸೂರಿಗೆ ಹೊರಟ ದಿನ ಕುಬೇರಪ್ಪನವರನ್ನು ಒಬ್ಬರನ್ನೇ ಕೊಠಡಿಗೆ ಕರೆದರು. ಮೇಜಿನ ಮೇಲೆ ಒಂದು ಕುಂಡವಿತ್ತು. ಅದರಲ್ಲಿ, ಯಾರೋ ಬಿಡುವಾಗಿ ಕೂತು ಕುಂಚದಿಂದ ಗೆರೆ ಎಳೆದಂತಹ ಅಗಲ ಎಲೆಗಳ ಒಂದು ಗಿಡ.

"ಕುಬೇರಪ್ಪ, ನಿಮಗೆ ಗಿಡ ಬೆಳೆಸಿ ಅಭ್ಯಾಸ ಇದೆಯಾ?"

ಮನೆಯಲ್ಲಿದ್ದದ್ದು ಒಂದು ತುಳಸಿ. ಅದಕ್ಕೂ ಕುಬೇರಪ್ಪನವರು ಹುಟ್ಟಿದಾಗಿನಿಂದ ಒಂದು ತಂಬಿಗೆ ನೀರು ಹಾಕಿದವರಲ್ಲ. ಆದರೆ ಅವರ ಕಣ್ಣ ಮುಂದೆ ಗಾಲಿ ಕುರ್ಚಿ ಒಮ್ಮೆ ಸುತ್ತಿತು.

"ಏನ್ ಮೇಡಂ ಹಿಂಗ್ ಕೇಳ್ತೀರಿ! ನಮ್ಮನೆ ತುಂಬ ಗಿಡಾನೇ. ಕಾಲಿಡಾಕೆ ಜಾಗ ಇಲ್ಲ."

"ಇದು ಕಲಾಥಿಯಾ. ನಮ್ಮ ತಾಯಿ ಕೊಟ್ಟಿದ್ದು. ಎಲೆ ತುದಿ ಒಂಚೂರು ಕಂದಿದ್ರೂ ನಂಗೆ ಗೊತ್ತಾಗುತ್ತೆ. ಇನ್ನೊಂದು ವಿಷಯ, ಇದು ಯಾರ ಗಿಡ ಅಂತ ಯಾರಿಗೂ ಹೇಳಬೇಡಿ. ನೌಕರರ ಕೈಲಿ ಸ್ವಂತ ಕೆಲಸ ಮಾಡಿಸ್ತಾರೆ ಅಂತ ನಾಳೆನೇ ಅರ್ಜಿ ಬರುತ್ತೆ. ಬಂದ ಮೇಲೆ ಆ ಕುರ್ಚಿಗಳ ವಿಚಾರ ನೋಡೋಣ."

ಕುಬೇರಪ್ಪನವರು ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಮನೆಗೆ ಬಂದರು. ಎರಡನೇ ದಿನ ಒಂದು ಎಲೆಯ ತುದಿ ಸಾಸಿವೆ ಕಾಳಿನಷ್ಟು ಕಂದಿತು. ಕುಬೇರಪ್ಪನವರ ಮುಖ ಅದಕ್ಕಿಂತ ಹೆಚ್ಚು ಕಂದಿತು. ಅರ್ಧ ದಿನ ರಜೆ ಹಾಕಿ, ಕುಂಡ ಎತ್ತಿಕೊಂಡು, ಹರಿಹರದ ರಸ್ತೆಯಲ್ಲಿ ನರ್ಸರಿ ಇಟ್ಟಿದ್ದ ಹುಸೇನ್ ಸಾಬರ ಹತ್ತಿರ ಓಡಿದರು. ಹುಸೇನ್ ಸಾಬರು ಎಲೆ ಹಿಡಿದು, ತಿರುವಿ, ಕನ್ನಡಕ ಏರಿಸಿ ನೋಡಿದರು.

"ಯಾವ ನೀರು ಹಾಕ್ತೀರಿ ಸಾವ್ಕಾರ್ರೆ?"

"ನಲ್ಲೀದು."

"ಯಾ ಅಲ್ಲಾ! ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರ್ತಾರಲ್ಲ, ಅದು ಮನುಷ್ಯಾರಿಗೆ ಏನೂ ಮಾಡಂಗಿಲ್ಲ, ಇದಕ್ಕೆ ಮಾತ್ರ ಜಹರ್! ಭಾಳ ನಾಜೂಕು ಗಿಡ ಇದು. ಫಿಲ್ಟರ್ ನೀರು ಹಾಕ್ರಿ. ಇಲ್ಲಾಂದ್ರೆ ವಾರದಾಗೆ ಖತಂ."

ಹೀಗೆ, ಇಪ್ಪತ್ತೆಂಟು ವರ್ಷ ಫಿಲ್ಟರ್ ನೀರಿನ ವಿರುದ್ಧ ಭಾಷಣ ಮಾಡಿದ ಮಹನೀಯರು ಮರುದಿನ ಬೆಳಿಗ್ಗೆ ಇಪ್ಪತ್ತು ಲೀಟರಿನ ಕ್ಯಾನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಪಾರ್ಕಿನ ಪಕ್ಕದ ಶುದ್ಧ ನೀರಿನ ಘಟಕದ ಮುಂದೆ ನಿಂತರು. ನಾಣ್ಯ ಹಾಕಿದರೆ ಆ ಯಂತ್ರ ಇಪ್ಪತ್ತು ಲೀಟರು ಸುರಿದೇ ನಿಲ್ಲುತ್ತದೆ. ಗಿಡಕ್ಕೆ ಎರಡು ಲೋಟ ಸಾಕೆಂದರೆ ಕೇಳುವುದಿಲ್ಲ. ತುಂಬಿದ ಕ್ಯಾನನ್ನು ಹೆಂಡತಿಯ ಮುಂದಿಟ್ಟು ಅಪ್ಪಣೆ ಕೊಟ್ಟರು.

"ನೋಡು, ಇದು ಗಿಡಕ್ಕೆ ಮಾತ್ರ. ದಿನಾ ಎರಡು ಲೋಟ. ನಾನು ಆಫೀಸಿಗೆ ಹೋದ ಮೇಲೆ ನೆನಪಿಟ್ಟು ಹಾಕು."

ಮರುಳಸಿದ್ದಮ್ಮ ಕ್ಯಾನನ್ನು ನೋಡಿದರು, ಗಿಡವನ್ನು ನೋಡಿದರು, ಗಂಡನನ್ನು ನೋಡಿದರು. "ಹ್ಞೂಂ" ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಆ "ಹ್ಞೂಂ"ಗೆ ಏನರ್ಥವೆಂದು ಕುಬೇರಪ್ಪನವರು ಒಮ್ಮೆಯೂ ವಿಚಾರಿಸಿರಲಿಲ್ಲ. ಅಂದೂ ವಿಚಾರಿಸಲಿಲ್ಲ.

ಗಿಡ ಚಿಗುರಿತು. ಆದರೆ ಕ್ಯಾನು ಎರಡು ದಿನಕ್ಕೆ ಖಾಲಿ.

"ಎಲಾ ಇದರ! ಇಷ್ಟುದ್ದ ಗಿಡ ಇಪ್ಪತ್ತು ಲೀಟರ್ ಕುಡೀತಾ?" ಎಂದು ಕುಬೇರಪ್ಪನವರು ಕುಂಡದ ಅಡಿ ಬಗ್ಗಿ ನೋಡಿದರು.

"ನಾಜೂಕು ಗಿಡ ಅಂದ್ರಲ್ಲ" ಎಂದು ಮರುಳಸಿದ್ದಮ್ಮ ಸಾರು ಬಡಿಸಿದರು.

ಆ ದಿನಗಳಲ್ಲಿ ಅವರ ಮನೆಯ ಸಾರಿಗೆ ಒಂದು ಹೊಸ ರುಚಿ ಬಂದಿತ್ತು. ಊಟದ ಮಧ್ಯೆ ನೀರು ಕುಡಿದು, ಲೋಟ ಕೆಳಗಿಟ್ಟು, ಕುಬೇರಪ್ಪನವರು ಹೇಳುತ್ತಿದ್ದರು: "ಏನ್ ರುಚಿ ನೋಡು! ಹೊಳೆ ನೀರಿನ ಗಮ್ಮತ್ತೇ ಬ್ಯಾರೆ. ಇನ್ನೊಂದು ತಂಬಿಗೆ ಕೊಡು."

ಗೋಣಿಚೀಲದಿಂದ ಏನೂ ಪ್ರಯೋಜನವಾಗಲಿಲ್ಲ. ಎದುರು ಮನೆಯ ಗುರುಶಾಂತಮ್ಮ ಬಡಾವಣೆಯಲ್ಲಿ ಯಾರ ಮನೆಗೆ ಯಾವ ಹಾಲಿನ ಪ್ಯಾಕೆಟ್ ಬರುತ್ತದೆಂದು ಬಣ್ಣ ಸಹಿತ ಬಲ್ಲವರು. ಮೂರನೇ ಸಲ ಚೀಲ ಹೊತ್ತು ಬರುವಾಗ ಅವರು ಗೇಟಿಗೆ ಅಡ್ಡ ನಿಂತಿದ್ದರು.

"ಏನ್ ಅಣ್ಣಾರೆ, ಚೀಲ ತೊಟ್ಟಿಕ್ತಾ ಐತೆ?"

"ನೆಂಟರು ಬಂದಾರಕ್ಕಾ. ಅವರಿಗೆ ಫಿಲ್ಟರ್ ನೀರೇ ಆಗ್ಬೇಕು. ಏನ್ ಮಾಡಾದು!"

ನೆಂಟರೆಂದ ಮೇಲೆ ಮಾತಾಡಿಸದಿರುವುದು ಮರ್ಯಾದೆಯೇ? ಹತ್ತು ನಿಮಿಷದಲ್ಲಿ ಗುರುಶಾಂತಮ್ಮ ಒಂದು ಡಬ್ಬಿ ಮಂಡಕ್ಕಿ ಉಸುಳಿ ಹಿಡಿದು ಒಳಗೆ ಬಂದರು. ನಡುಮನೆ, ಅಡುಗೆಮನೆ, ಹಿತ್ತಿಲು ಎಲ್ಲ ನೋಡಿದರು. ನೆಂಟರ ಸುಳಿವಿಲ್ಲ. ಮೂಲೆಯಲ್ಲಿ ಕ್ಯಾನು ಕೂತಿತ್ತು.

"ಅದು... ಗಿಡಕ್ಕೆ ತಂದಿದ್ದು ಅಕ್ಕಾ" ಎಂದರು ಕುಬೇರಪ್ಪನವರು. ಇಡೀ ವಾರದಲ್ಲಿ ಅವರು ಆಡಿದ ಮೊದಲ ನಿಜ ಅದು ಎಂದು ಅವರು ನಂಬಿದ್ದರು.

ಗುರುಶಾಂತಮ್ಮ ಉಸುಳಿಯ ಡಬ್ಬಿಯನ್ನು ವಾಪಸ್ಸು ತೆಗೆದುಕೊಂಡು ಹೋದರು.

ಮುಂದಿನದು ಬೇಗ ಬೇಗ ನಡೆಯಿತು. ನೀರಿನ ಆಫೀಸಿನವರೇ ನಲ್ಲಿ ನೀರು ಮುಟ್ಟುತ್ತಿಲ್ಲ, ಚೀಲದಲ್ಲಿ ಮುಚ್ಚಿ ಫಿಲ್ಟರ್ ನೀರು ತರುತ್ತಾರೆ, ಕೇಳಿದರೆ ಗಿಡಕ್ಕೆ ಎನ್ನುತ್ತಾರೆ ಎಂಬ ಸುದ್ದಿ ಮೊದಲ ತಿರುವಿನಲ್ಲಿ ಹೊರಟು, ಎರಡನೇ ತಿರುವಿನಲ್ಲಿ "ಪೈಪಿನಾಗೆ ಏನೋ ಸತ್ತು ಬಿದ್ದೈತಂತೆ" ಎಂದಾಗಿ, ಮೂರನೆಯದರಲ್ಲಿ "ಆಫೀಸಿನೋರಿಗೆ ಮಾತ್ರ ಗುಪ್ತ ಪತ್ರ ಬಂದೈತಂತೆ" ಎಂದಾಯಿತು. ಶುದ್ಧ ನೀರಿನ ಘಟಕದ ಮುಂದೆ ಕ್ಯಾನುಗಳ ಸಾಲು ಪಾರ್ಕು ಸುತ್ತಿ ಬಂತು. ಎಂಟು ದಿನ ಕಾದು ಹಿಡಿದ ನೀರನ್ನು ಹೆಂಗಸರು ಡ್ರಮ್ಮುಗಟ್ಟಲೆ ಚರಂಡಿಗೆ ಚೆಲ್ಲಿದರು. ಒಂದು ಕೊಡಕ್ಕಾಗಿ ವರ್ಷವಿಡೀ ಮಾತು ಬಿಟ್ಟವರು ಅಂದು ಒಬ್ಬರ ಡ್ರಮ್ಮಿಗೆ ಇನ್ನೊಬ್ಬರು ಕೈಕೊಟ್ಟು ಮಗುಚಿದರು.

ಸಂಜೆಗೆ ವಾರ್ಡಿನ ಸದಸ್ಯ ಉಚ್ಚೆಂಗಪ್ಪನವರು ಹನ್ನೆರಡು ಜನರೊಂದಿಗೆ ಬಂದರು. ಚುನಾವಣೆ ಹತ್ತಿರವಿತ್ತು. ಒಳ್ಳೆಯದೊಂದು ಅನ್ಯಾಯ ಸಿಗದೆ ಅವರು ಬಹಳ ದಿನದಿಂದ ಕೊರಗುತ್ತಿದ್ದರು.

"ಕುಬೇರಪ್ಪಾರೆ, ನಿಜ ಹೇಳ್ರಿ. ನೀರಾಗೆ ಏನೈತೆ?"

"ಏನೂ ಇಲ್ಲ ಸರ! ನಮ್ಮನ್ಯಾಗೆ ಇವತ್ತಿಗೂ ನಲ್ಲಿ ನೀರೇ ಕುಡಿಯಾದು. ಫಿಲ್ಟರ್ ನೀರು ಗಿಡಕ್ಕೆ. ಬರ್ರಿ, ನೋಡ್ರಿ ಬೇಕಾದ್ರೆ."

ಹನ್ನೆರಡೂ ಜನ ಸಾಲಾಗಿ ಗಿಡದ ದರ್ಶನ ಮಾಡಿದರು. ಉಚ್ಚೆಂಗಪ್ಪನವರು ಸೊಂಟದ ಮೇಲೆ ಕೈಯಿಟ್ಟರು.

"ನಮ್ ತ್ವಾಟದಾಗೆ ಮುನ್ನೂರು ತೆಂಗು ಅದಾವೆ. ಒಂದಾದ್ರೂ ಇವತ್ತಿನ ತನಕ ನನ್ ಹತ್ರ ಫಿಲ್ಟರ್ ನೀರು ಕೇಳಿಲ್ಲ. ಯಾರ ಕಿವಿ ಮೇಲೆ ಹೂ ಇಡ್ತೀರಿ? ಹೋಗ್ಲಿ, ಯಾರ ಗಿಡ ಇದು? ಅದನ್ನಾದ್ರೂ ಹೇಳ್ರಿ."

ಕುಬೇರಪ್ಪನವರ ಬಾಯಿಗೆ ಬೀಗ ಬಿತ್ತು. ಮೇಡಂ ಹೆಸರು ಹೇಳಿದರೆ ಗಾಲಿ ಕುರ್ಚಿ ಹೋಯಿತು. ಹೇಳದಿದ್ದರೆ ಮರ್ಯಾದೆ ಹೋಯಿತು. ಕುಬೇರಪ್ಪನವರು ಕುರ್ಚಿಯನ್ನು ಆರಿಸಿಕೊಂಡರು.

"ನೋಡ್ರಪಾ, ಸುಮ್ನೆ ನಿಂತ್ರು!" ಎಂದು ಉಚ್ಚೆಂಗಪ್ಪನವರು ಜನರ ಕಡೆ ತಿರುಗಿದರು. ಆ ಮೌನದ ವಿಡಿಯೋ ಊರೆಲ್ಲ ಓಡಾಡಿತು.

ಮರುದಿನ ಮೈಸೂರಿನಿಂದ ಫೋನು ಬಂತು.

"ಕುಬೇರಪ್ಪ! ಏನ್ರೀ ಇದು? ನನ್ನ ಬ್ಯಾನರ್ ಕೆಳಗೇ ನೀರು ಚೆಲ್ತಿದ್ದಾರಂತೆ! ನಾಳೆ ಬೆಳಿಗ್ಗೆ ನಿಮ್ಮ ಬೀದಿಗೆ ನೀರು ಬಿಡಿಸ್ತೀನಿ. ನೀವೇ ಎಲ್ಲರೆದುರು ಕುಡಿದು ತೋರಿಸಬೇಕು. ತಿಳೀತಾ?"

"ಆಗ್ಲಿ ಮೇಡಂ."

"ಗಿಡ ಹೇಗಿದೆ?"

"ಹೊಸ ಎಲೆ ಬಿಟ್ಟೈತೆ ಮೇಡಂ."

"ಯಾವ ನೀರು ಹಾಕ್ತಿದ್ದೀರಿ?"

"ಒಳ್ಳೇ ನೀರೇ ಮೇಡಂ."

ಎಂಟು ದಿನಕ್ಕೊಮ್ಮೆ ಬರುವ ನೀರು ಸಾಕ್ಷಿ ಹೇಳುವ ಸಲುವಾಗಿ ನಾಲ್ಕನೇ ದಿನಕ್ಕೇ ಬಂತು. ವಿಷವೆಂದು ಚೆಲ್ಲಿದವರೆಲ್ಲ ಮೊದಲು ಡ್ರಮ್ಮು ತುಂಬಿಸಿಕೊಂಡರು. ಆಮೇಲೆ ವಿಷದ ಪರೀಕ್ಷೆಗೆ ಬಂದು ನಿಂತರು. ಕುಬೇರಪ್ಪನವರು ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ತಮ್ಮ ನಲ್ಲಿಯಿಂದ ಒಂದು ಲೋಟ ಹಿಡಿದು ಗಟಗಟ ಕುಡಿದರು. ಏನೂ ಆಗಲಿಲ್ಲ. ಜನರಿಗೆ ಕೊಂಚ ನಿರಾಸೆಯಾಯಿತು.

"ನಿಮ್ಮನೆ ನಲ್ಲಿಗೆ ಬ್ಯಾರೆ ಪೈಪ್ ಇದ್ರೆ?" ಎಂದರು ಗುರುಶಾಂತಮ್ಮ. "ನಮ್ಮನೇದು ಕುಡೀರಿ ನೋಡೋಣ."

ಕುಬೇರಪ್ಪನವರು ಧೀರರಂತೆ ರಸ್ತೆ ದಾಟಿದರು. ಇಲ್ಲಿ ಒಂದು ವಿಚಾರ ಹೇಳಬೇಕು. ನಮ್ಮ ಕಡೆ ಮನೆಗೆ ಬಂದವರಿಗೆ ಬರೀ ನೀರು ಕೊಡುವ ಪದ್ಧತಿ ಇಲ್ಲ. ಬಂದವನು ವೈರಿಯೇ ಆಗಲಿ, ನೀರಿನ ಜೊತೆ ಒಂದು ಚೂರು ಬೆಲ್ಲ ಕೊಡಲೇಬೇಕು. ಗುರುಶಾಂತಮ್ಮ ಅನುಮಾನ ಪಟ್ಟರೂ ಪದ್ಧತಿ ಬಿಡುವವರಲ್ಲ. ಲೋಟದ ಜೊತೆ ತಟ್ಟೆಯಲ್ಲಿ ಬೆಲ್ಲದ ಹೆಂಟೆ ಬಂತು. ಕುಬೇರಪ್ಪನವರಿಗೆ ಶುಗರ್ ಇತ್ತು. ಅದು ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಬೆಲ್ಲ ಬೇಡವೆಂದರೆ ನೀರಿಗೇ ಹೆದರಿದರು ಎಂದಾಗುತ್ತದೆ. ತಿಂದರು, ಕುಡಿದರು.

"ನಮ್ಮನೇದು ಬಿಟ್ರೆ ಹೆಂಗೆ?" ಎಂದಿತು ಮೂರನೇ ಮನೆ. ಅಲ್ಲಿ ಬೆಲ್ಲದ ಜೊತೆ ಪುಟಾಣಿ. ನಾಲ್ಕನೇ ಮನೆಯವರು ಮೂರನೆಯವರಿಗೆ ಕಡಿಮೆಯಾಗಲಾರರು, ಶೇಂಗಾ ಉಂಡೆ. ಐದನೆಯದರಲ್ಲಿ ಎಳ್ಳುಂಡೆ. ಆರನೇ ಮನೆಯವರು ಕುರ್ಚಿ ಹಾಕಿ, "ಕೂಡ್ರಿ, ಅವಸರ ಏನೈತೆ? ನಮ್ಮನೆಗೆ ಬರಾದೇ ಅಪರೂಪ" ಎಂದು ಹೋಳಿಗೆ ತಂದರು. ಹಿಂದಿನಿಂದ ಮರುಳಸಿದ್ದಮ್ಮ ಕೈಸನ್ನೆ ಮಾಡಿದ್ದೇ ಮಾಡಿದ್ದು. ಎಂಟನೇ ಮನೆಯ ಹೊತ್ತಿಗೆ ಅಂಗಿಯ ಕೆಳಗಿನ ಗುಂಡಿ ಹಾರಿತು. ಹತ್ತನೆಯದರ ಹೊತ್ತಿಗೆ ಅವರು ನಡೆದರೆ ಒಳಗೆ ಸದ್ದು ಕೇಳುತ್ತಿತ್ತು. ಹದಿನಾಲ್ಕನೆಯದು ಉಚ್ಚೆಂಗಪ್ಪನವರ ಮನೆ. ವಾರ್ಡಿನ ಸದಸ್ಯರ ಮನೆಯೆಂದ ಮೇಲೆ ಬೆಲ್ಲದ ಗಾತ್ರವೂ ಅದಕ್ಕೆ ತಕ್ಕಂತಿತ್ತು. ಕುಬೇರಪ್ಪನವರು ಬೆಲ್ಲ ತಿಂದರು, ಲೋಟ ಎತ್ತಿದರು, ಕುಡಿದರು, "ನೀರು ಅಮೃ..." ಎಂದರು. ಕಣ್ಣು ಮೇಲಾದವು. ಕಟ್ಟೆಯ ಮೇಲೆ ಮೆಲ್ಲಗೆ ಒರಗಿಬಿಟ್ಟರು.

"ಅಯ್ಯಯ್ಯೋ, ನೀರು ಕುಡಿದು ಬಿದ್ರು!" ಎಂದು ಗುರುಶಾಂತಮ್ಮ ಕೂಗಿದರು.

ಇಪ್ಪತ್ತು ಮೊಬೈಲುಗಳಲ್ಲಿ ವಿಡಿಯೋ ದಾಖಲಾಗಿತ್ತು. ಲೋಟ ಎತ್ತುವುದಿತ್ತು, ಕುಡಿಯುವುದಿತ್ತು, ಒರಗುವುದಿತ್ತು. ಬೆಲ್ಲ ಮಾತ್ರ ಒಂದರಲ್ಲೂ ಇರಲಿಲ್ಲ. ಬೆಲ್ಲದಲ್ಲಿ ಯಾರಿಗೆ ಆಸಕ್ತಿ? ಮಧ್ಯಾಹ್ನದೊಳಗೆ ವಿಡಿಯೋ ಮೈಸೂರು ಮುಟ್ಟಿತು, ನಂದಿಗುಡಿ ಮುಟ್ಟಿತು. ಅಲ್ಲಿಂದ ಮರುಳಸಿದ್ದಮ್ಮನ ಅಣ್ಣ ಕೆಂಚವೀರಪ್ಪ ಸಿಕ್ಕ ಬಸ್ಸು ಹತ್ತಿ, ಕುಬೇರಪ್ಪನವರನ್ನು ಸೇರಿಸಿದ್ದ ಆಸ್ಪತ್ರೆಗೆ ಬಂದು, ಮಂಚದ ಪಕ್ಕ ಒಂದು ಕ್ಯಾನು ಇಳಿಸಿದರು. "ಭಾವಾ, ಈ ಊರ ನೀರು ಬ್ಯಾಡ. ಇದು ನಮ್ಮ ಬಾವೀದು, ಕುಡೀರಿ." ನೀರೆಂಬ ಶಬ್ದ ಕೇಳಿ ಕುಬೇರಪ್ಪನವರು ಗೋಡೆಯ ಕಡೆ ಹೊರಳಿದರು.

"ನೀರಿಂದ ಏನೂ ಆಗಿಲ್ಲ. ಶುಗರ್ ಏರಿದೆ. ಸಿಹಿ ಎಷ್ಟು ತಿಂದ್ರಿ?" ಎಂದು ಡಾಕ್ಟರು ಕೇಳಿದರು.

"ನಮ್ಮನೇದು ಬಿಟ್ಟು ಹದಿಮೂರು ಮನೇದು ಸರ."

ಡಾಕ್ಟರು ಇದನ್ನೇ ಹೊರಗೆ ನಿಂತವರಿಗೂ ಹೇಳಿದರು. ಡಾಕ್ಟರಿಗೂ ಮೇಲಿಂದ ಫೋನ್ ಬಂದೈತೆ ಎಂದು ಜನ ತೀರ್ಮಾನಿಸಿದರು.

ಮೂರನೇ ದಿನ ಕುಬೇರಪ್ಪನವರು ಮನೆಗೆ ಬರುವುದಕ್ಕೂ, ತರಬೇತಿ ಅರ್ಧಕ್ಕೆ ಬಿಟ್ಟ ಚೌಡೇಶ್ವರಿ ಮೇಡಂ ಜೀಪಿನಿಂದ ಇಳಿಯುವುದಕ್ಕೂ ಸರಿಹೋಯಿತು. ಬೀದಿಗೆ ಬೀದಿಯೇ ಅಂಗಳದಲ್ಲಿತ್ತು. ಮೇಡಂ ಬಿರುಸಾಗಿ ಒಳಗೆ ಬಂದವರು ನಡುಮನೆಯ ಕಿಟಕಿಯ ಹತ್ತಿರ ಗಕ್ಕನೆ ನಿಂತರು. ಅಲ್ಲಿ ಗಿಡ ದುಪ್ಪಟ್ಟಾಗಿತ್ತು. ಐದು ಹೊಸ ಎಲೆ, ಅವುಗಳಲ್ಲಿ ಒಂದರ ತುದಿಯೂ ಕಂದಿರಲಿಲ್ಲ.

"ನನ್ನ ಗಿಡ!" ಎಂದು ಅವರ ಬಾಯಿಂದ ಬಂದೇಬಿಟ್ಟಿತು.

ಉಚ್ಚೆಂಗಪ್ಪನವರ ಮುಖ ಅರಳಿತು. ಇಂಥ ಅನ್ಯಾಯ ಹತ್ತು ಚುನಾವಣೆಗೊಮ್ಮೆ ಸಿಗುವಂಥದ್ದು. "ಓಹೋಹೋ! ಮೇಡಂ ಗಿಡಾನಾ? ಕೇಳಿದ್ರೇನ್ರಪ್ಪಾ? ಮೇಡಂ ಗಿಡಕ್ಕೆ ಫಿಲ್ಟರ್ ನೀರು, ನಮಗೆ ನಲ್ಲಿ ನೀರು!"

ಮೇಡಂ ಮುಖ ಕೆಂಪಾಯಿತು. "ಕುಬೇರಪ್ಪ, ಫಿಲ್ಟರ್ ನೀರು ಹಾಕಿ ಅಂತ ನಾನು ಹೇಳಿದ್ನಾ? ಮಾತಾಡ್ರಿ."

ಕುಬೇರಪ್ಪನವರ ಕಿವಿಯಲ್ಲಿ ಆಗಲೇ ಪಂಪ್‌ಹೌಸಿನ ಮೋಟಾರು ಗುಡುಗತೊಡಗಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಮರುಳಸಿದ್ದಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು.

"ಇವ್ರನ್ನ ಯಾಕ ಬೈತೀರಿ ಮೇಡಂ? ಆ ಗಿಡಕ್ಕೆ ನಾನು ಒಂದಿನಾನೂ ಫಿಲ್ಟರ್ ನೀರು ಹಾಕಿಲ್ಲ. ಕೊಡದಾಗೆ ಎರಡು ದಿನ ನಿಂತಿರ್ತೈತಲ್ಲ, ಆ ನಲ್ಲಿ ನೀರು ಹಾಕೀನಿ. ನಿಂತ್ರೆ ಪೌಡರ್ ವಾಸನೆ ಹೋಗ್ತೈತೆ, ತುಳಸಿಗೂ ಹಂಗೇ ಹಾಕಾದು."

ಮೊದಲು ಎಚ್ಚೆತ್ತವರು ಮೇಡಂ. ಅವರು ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

"ನೋಡ್ರೀ ಎಲ್ಲರೂ! ನಲ್ಲಿ ನೀರು! ನಲ್ಲಿ ನೀರು ಕುಡಿದು ಹೀಗೆ ಬೆಳೆದಿದೆ! ಇದಕ್ಕಿಂತ ಸಾಕ್ಷಿ ಬೇಕೇನ್ರೀ? ಕುಬೇರಪ್ಪ, ಶಹಬ್ಬಾಸ್!"

ಜನ ಚಪ್ಪಾಳೆ ತಟ್ಟಿದರು. ಕುಬೇರಪ್ಪನವರು ಅರ್ಧ ನಿಮಿಷ ಗಾಲಿ ಕುರ್ಚಿಯಲ್ಲಿ ಕೂತರು, ಒಂದು ಸುತ್ತು ಸುತ್ತಿದರು, ಕಿಟಕಿಯಾಚೆ ನೋಡಿದರು. ಇಷ್ಟು ಸುಖ ಅವರಿಗೆ ಇಪ್ಪತ್ತೆಂಟು ವರ್ಷದಲ್ಲಿ ಸಿಕ್ಕಿರಲಿಲ್ಲ.

"ಅಲ್ಲ ಅಕ್ಕಾ," ಎಂದರು ಗುರುಶಾಂತಮ್ಮ, ಲೆಕ್ಕ ತಪ್ಪದ ಹೆಂಗಸು, "ಹಂಗಾದ್ರೆ ಅಷ್ಟು ಫಿಲ್ಟರ್ ನೀರು ಯಾರು ಕುಡಿದ್ರು?"

"ನಾವೇ" ಎಂದರು ಮರುಳಸಿದ್ದಮ್ಮ. "ಆ ನೀರಾಗೆ ಬ್ಯಾಳೆ ಬೆಣ್ಣೆ ಹಂಗೆ ಬೇಯ್ತಾವು. ಮನುಷ್ಯಾರನ್ನ ಬಿಟ್ಟು ಗಿಡಕ್ಕೆ ಯಾರಾದ್ರೂ ಸುರೀತಾರೇನು?"

"ನಾವಾ?" ಎಂದರು ಕುಬೇರಪ್ಪನವರು. "ನಾನೂ?"

"ನೀವೇ ಅಲ್ಲೇನ್ರಿ, ಏನ್ ರುಚಿ, ಹೊಳೆ ನೀರಿನ ಗಮ್ಮತ್ತೇ ಬ್ಯಾರೆ ಅಂತ ದಿನಾ ಎರಡೆರಡು ತಂಬಿಗೆ ಕುಡಿದಿದ್ದು?"

ಮೊದಲು ನಕ್ಕವರು ಉಚ್ಚೆಂಗಪ್ಪನವರು. ಆಮೇಲೆ ಬೀದಿ ನಕ್ಕಿತು. ಕೆಂಚವೀರಪ್ಪ ಕೂಡ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಭಾವನಿಗೆ ಬೆನ್ನು ಹಾಕಿ ನಿಂತರು. ಮೇಡಂ ಒಬ್ಬರೇ ನಗಲಿಲ್ಲ. ಕುಂಡವನ್ನು ಎದೆಗವಚಿಕೊಂಡು ಜೀಪು ಹತ್ತಿದರು.

ಈಗ ಊರಿನ ಸರ್ಕಲ್ಲುಗಳಲ್ಲಿ ಹೊಸ ಬ್ಯಾನರು ಬಂದಿದೆ. ಮೇಡಂ ಜಾಗದಲ್ಲಿ ಗಿಡದ ಫೋಟೋ, ಕೆಳಗೆ "ನಾನೂ ನಲ್ಲಿ ನೀರೇ ಕುಡಿಯುವುದು" ಎಂಬ ಬರಹ. ಗಿಡ ಕಚೇರಿಯಲ್ಲಿ, ಗಾಲಿ ಕುರ್ಚಿಯ ಪಕ್ಕದ ಕಿಟಕಿಯಲ್ಲಿ ಇದೆ. ಕುರ್ಚಿಯಲ್ಲಿ ಬೇರೆ ಯಾರೋ ಇದ್ದಾರೆ. ಕುಬೇರಪ್ಪನವರ ಬಡ್ತಿಯ ಆದೇಶದಲ್ಲಿ ಮಾತ್ರ, ನೀರಿನ ಮೂಲದ ಬಗ್ಗೆ ಇವರಿಗಿರುವ ಅಪಾರ ಅಭಿಮಾನವನ್ನು ಪರಿಗಣಿಸಿ ಹೊಳೆದಂಡೆಯ ಪಂಪ್‌ಹೌಸಿಗೆ ನೇಮಿಸಲಾಗಿದೆ, ಎಂದು ಬರೆದಿತ್ತು.

ಮೊದಲ ದಿನ ಎರಡು ಬಸ್ಸು ಬದಲಿಸಿ, ಹರಿಹರ ದಾಟಿ, ಪಂಪ್‌ಹೌಸಿನ ಗಾಲಿಯಿಲ್ಲದ ಕುರ್ಚಿಯಲ್ಲಿ ಅವರು ಬೆವರೊರೆಸುತ್ತ ಕೂತರು. ಕಿಟಕಿಯಾಚೆ ತುಂಗಭದ್ರೆ ದಂಡೆ ತುಂಬ ಹರಿಯುತ್ತಿದ್ದಳು. ಮೋಟಾರುಗಳು ಗುಡುಗುತ್ತಿದ್ದವು. ಪಂಪು ನೋಡಿಕೊಳ್ಳುವ ಮಾರುತಿ, ನಿವೃತ್ತಿಗೆ ಎರಡು ವರ್ಷವಿದ್ದ ಮನುಷ್ಯ, ತಟ್ಟೆಯಲ್ಲಿ ಬೆಲ್ಲದ ಚೂರಿಟ್ಟುಕೊಂಡು ಬಂದು ಮೋಟಾರಿಗಿಂತ ಜೋರಾಗಿ ಕೇಳಿದ.

"ಬಿಸಿಲಾಗೆ ಬಂದೀರಿ ಸರ. ಕುಡಿಯಾಕೆ ಯಾವ ನೀರು ಕೊಡ್ಲಿ? ಕ್ಯಾನಿಂದು ಐತೆ, ನಲ್ಲೀದು ಐತೆ, ಹೊಳೇದಂತೂ ಎದುರಿಗೇ ಐತೆ."

ಕುಬೇರಪ್ಪನವರು ಬಾಗಿಲ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. ಎದುರು ಮನೆ ಎಂಬುದೇ ಅಲ್ಲಿರಲಿಲ್ಲ. ಆದರೂ ಬಹಳ ಹೊತ್ತು ಯೋಚಿಸಿದರು.

"ಚಾ ತಗೊಂಬಾರಪ್ಪ" ಎಂದರು. "ಸಕ್ಕರೆ ಬ್ಯಾಡ."

ಚಾ ಬಂತು. ಅದನ್ನು ಯಾವ ನೀರಿನಲ್ಲಿ ಮಾಡಿದ್ದೆಂದು ಅವರು ಕೇಳಲಿಲ್ಲ.